ಓದುಗರ ಪ್ರಶ್ನೆ: ಬಚ್ಚಲುಮನೆಯ ಕೆಲಸವನ್ನು ಯಾರಿಗೆ, ಹೇಗೆ ಒಪ್ಪಿಸಬೇಕು?

ಮಳೆಗಾಲ ಮುಗಿದು ಮನೆಯ ದುರಸ್ತಿ ಕೆಲಸಗಳು ಆರಂಭವಾಗುವ ಈ ದಿನಗಳಲ್ಲಿ ಉತ್ತರ ಕನ್ನಡದ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಬಚ್ಚಲುಮನೆಯ ನವೀಕರಣವನ್ನು ಕುರಿತವು. ಅವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಕಾರವಾರದಿಂದ ಬಂದ ಪತ್ರದಲ್ಲಿ ಎಲ್ಲರಿಗೂ ಬೇಕಾದ ಸಂಗತಿಗಳಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮ ಮನೆ ಕಟ್ಟಿ 24 ವರ್ಷಗಳಾದವು. ಮಹಡಿಯ ಬಚ್ಚಲುಮನೆಯ ಕೆಳಗೆ ಅಡುಗೆಮನೆಯಿದ್ದು, ಅದರ ಚಾವಣಿಯಲ್ಲಿ ತೇವದ ಕಲೆ ಮೂಡಿ ಈಗ ಗಾರೆಯೂ ಅಲ್ಲಲ್ಲಿ ಉದುರುತ್ತಿದೆ. ಬಚ್ಚಲುಮನೆಯನ್ನು ಪೂರ್ತಿ ಒಡೆದು ಹೊಸದಾಗಿ ಮಾಡಿಸೋಣವೆಂದು ಮೂವರು ಗುತ್ತಿಗೆದಾರರನ್ನು ಕರೆಸಿದೆವು. ಒಬ್ಬರು 1,35,000 ರೂಪಾಯಿ, ಇನ್ನೊಬ್ಬರು 1,90,000 ರೂಪಾಯಿ, ಮತ್ತೊಬ್ಬರು 2,40,000 ರೂಪಾಯಿ ಆಗುತ್ತದೆ ಎಂದು ಚೀಟಿಯಲ್ಲಿ ಒಂದೇ ಸಾಲು ಬರೆದುಕೊಟ್ಟಿದ್ದಾರೆ. ನಡುವಿನ ದರದವರನ್ನು ಒಪ್ಪಿಕೊಳ್ಳುವುದು ಕ್ಷೇಮವೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ತಮ್ಮ ಸಲಹೆ ಏನು? — ನಿವೃತ್ತ ಶಿಕ್ಷಕಿ, ಕಾರವಾರ

ಉತ್ತರ: ಈ ಮೂರು ಚೀಟಿಗಳ ಆಧಾರದ ಮೇಲೆ ಯಾರನ್ನೂ ಒಪ್ಪಿಕೊಳ್ಳಬೇಡಿ. ಮೂವರೂ ಬೆಲೆ ಹೇಳಿದ್ದು ಒಂದೇ ಕೆಲಸಕ್ಕಲ್ಲ; ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿರುವ ಕೆಲಸಕ್ಕೆ ಬೆಲೆ ಹೇಳಿದ್ದಾರೆ.

ಮೊದಲು ನೀರು ಎಲ್ಲಿಂದ ಇಳಿಯುತ್ತಿದೆ ಎಂಬುದನ್ನು ನೀವೇ ಪತ್ತೆ ಮಾಡಬಹುದು. ಮಹಡಿಯ ಬಚ್ಚಲುಮನೆಯನ್ನು ನಾಲ್ಕೈದು ದಿನ ಯಾರೂ ಬಳಸದಿರಲಿ, ಆದರೆ ಟ್ಯಾಂಕಿನಿಂದ ಬರುವ ನೀರಿನ ವಾಲ್ವ್ ತೆರೆದೇ ಇರಲಿ. ಆಗಲೂ ಕಲೆ ಹಸಿಯಾಗಿಯೇ ಉಳಿದರೆ ಗೋಡೆಯೊಳಗಿನ ಪೈಪು ಸೋರುತ್ತಿದೆ ಎಂದು ಸಂಶಯಿಸಬೇಕು. ವಾಲ್ವ್ ಮುಚ್ಚಿದ ಮೇಲೆ ಕಲೆ ಆರತೊಡಗಿದರೆ ಆ ಸಂಶಯ ಖಚಿತವಾಗುತ್ತದೆ. ನಿಮ್ಮ ಮನೆ ಕಟ್ಟಿದ ಕಾಲದಲ್ಲಿ ಸತುವಿನ ಲೇಪವಿರುವ ಕಬ್ಬಿಣದ ಪೈಪು ಹಾಕುವುದು ವಾಡಿಕೆಯಾಗಿತ್ತು, ಅದು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ವಾಲ್ವ್ ತೆರೆದಿದ್ದರೂ ಬಳಕೆ ನಿಲ್ಲಿಸಿದ ಕೂಡಲೇ ಕಲೆ ಆರಿದರೆ ದೋಷ ನೆಲದಲ್ಲಿ, ನೆಲದ ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ ಅಥವಾ ಹೊರಹೋಗುವ ಪೈಪಿನ ಜೋಡಣೆಯಲ್ಲಿ ಇರುತ್ತದೆ. ಈ ಪರೀಕ್ಷೆಗೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ, ಆದರೂ ಇದನ್ನು ಮಾಡದೆಯೇ ಲಕ್ಷಾಂತರ ರೂಪಾಯಿಯ ಕೆಲಸಕ್ಕೆ ಕೈಹಾಕುವ ಮನೆಗಳನ್ನು ನಾನು ನೋಡುತ್ತಲೇ ಬಂದಿದ್ದೇನೆ.

ಗಾರೆ ಉದುರುತ್ತಿದೆ ಎಂದು ನೀವು ಬರೆದಿರುವುದು ನನಗೆ ಹೆಚ್ಚು ಚಿಂತೆಯ ವಿಷಯವಾಗಿ ಕಾಣುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದಾಗ ಹಿಗ್ಗಿ, ತನ್ನ ಸುತ್ತಲಿನ ಕಾಂಕ್ರೀಟನ್ನು ಒಡೆದು ಕೆಳಕ್ಕೆ ನೂಕುತ್ತದೆ. ಸಮುದ್ರದ ಬದಿಯ ಉಪ್ಪುಗಾಳಿಯಲ್ಲಿ ಇದು ಬೇಗ ಆಗುತ್ತದೆ, ಹಿಂದೆ ಅಳಿವೆಯ ಉಪ್ಪು ಮರಳನ್ನು ತೊಳೆಯದೆ ಬಳಸಿದ್ದರಂತೂ ಇನ್ನೂ ಬೇಗ. ಚಾವಣಿಯಲ್ಲಿ ಸರಳು ಕಾಣುತ್ತಿದ್ದರೆ, ಅಥವಾ ಕೋಲಿನಿಂದ ತಟ್ಟಿದಾಗ ಟೊಳ್ಳು ಶಬ್ದ ಬರುತ್ತಿದ್ದರೆ, ಗುತ್ತಿಗೆದಾರರಿಗಿಂತ ಮೊದಲು ಒಬ್ಬ ಸಿವಿಲ್ ಎಂಜಿನಿಯರರನ್ನು ಕರೆಸಿ. ತುಕ್ಕು ತೆಗೆದು ಸರಳಿಗೆ ಲೇಪ ಕೊಟ್ಟು ಸ್ಲ್ಯಾಬನ್ನು ಸರಿಪಡಿಸದೆ ಅದರ ಮೇಲೆ ಎಷ್ಟು ಒಳ್ಳೆಯ ಟೈಲ್ಸ್ ಹಾಕಿದರೂ ಫಲವಿಲ್ಲ. ಮೂವರಲ್ಲಿ ಯಾರು ಅಡುಗೆಮನೆಗೆ ಬಂದು ತಲೆಯೆತ್ತಿ ಆ ಚಾವಣಿಯನ್ನು ನೋಡಿದರು, ಯಾರು ಮಹಡಿಗೆ ಹೋಗಿ ಟೇಪು ಹಿಡಿದು ಅಳೆದು ಹೊರಟರು ಎಂಬುದನ್ನು ನೆನಪಿಸಿಕೊಳ್ಳಿ. ನಾನಾದರೆ ದರಕ್ಕಿಂತ ಮೊದಲು ಇದನ್ನೇ ಪರಿಗಣಿಸುತ್ತೇನೆ.

ಈಗ ದರದ ವಿಷಯ. ಟೈಲ್ಸ್ ಬದಲಾದರೆ ಬೆಲೆ ಬದಲಾಗುತ್ತದೆ ಎಂದು ಗುತ್ತಿಗೆದಾರರು ಹೇಳುವುದುಂಟು, ಅದು ಎಷ್ಟು ನಿಜವೆಂದು ಲೆಕ್ಕ ಹಾಕೋಣ. ಬಚ್ಚಲುಮನೆ 8 ಅಡಿ ಉದ್ದ, 5 ಅಡಿ ಅಗಲವೆಂದು ಇಟ್ಟುಕೊಳ್ಳಿ. ಸುತ್ತಳತೆ 26 ಅಡಿ. 7 ಅಡಿ ಎತ್ತರದವರೆಗೆ ಗೋಡೆಗೆ ಟೈಲ್ಸ್ ಹಾಕಿದರೆ 182 ಚದರಡಿ. ಬಾಗಿಲಿನ ಜಾಗ ಸುಮಾರು 17 ಚದರಡಿ ಕಳೆದು, ನೆಲದ 40 ಚದರಡಿ ಕೂಡಿಸಿದರೆ 205. ಕತ್ತರಿಸುವಾಗ ಹಾಳಾಗುವುದಕ್ಕೆ ಶೇಕಡಾ 10 ಸೇರಿಸಿದರೆ ಸುಮಾರು 225 ಚದರಡಿ. ಚದರಡಿಗೆ 45 ರೂಪಾಯಿಯ ಟೈಲ್ಸ್ ಬದಲು 90 ರೂಪಾಯಿಯದನ್ನು ಆರಿಸಿದರೂ ವ್ಯತ್ಯಾಸ ಹತ್ತು ಸಾವಿರ ರೂಪಾಯಿಯ ಆಸುಪಾಸು. ನಿಮ್ಮ ಮೊದಲನೆಯ ಮತ್ತು ಮೂರನೆಯ ಚೀಟಿಯ ನಡುವೆ ಇರುವುದು 1,05,000 ರೂಪಾಯಿ. ಕಮೋಡು, ನಲ್ಲಿಗಳ ಬೆಲೆಯಲ್ಲಿ ಸ್ವಲ್ಪ ಹೋದೀತು. ಉಳಿದದ್ದು ಕಣ್ಣಿಗೆ ಕಾಣದ ಕೆಲಸದಲ್ಲಿರುತ್ತದೆ: ಹಳೆಯ ನೆಲವನ್ನು ಸ್ಲ್ಯಾಬಿನವರೆಗೆ ಒಡೆಯುತ್ತಾರೋ ಅಥವಾ ಹಳೆಯ ಟೈಲ್ಸಿನ ಮೇಲೆಯೇ ಹೊಸದನ್ನು ಅಂಟಿಸುತ್ತಾರೋ, ಎಲ್ಲ ಪೈಪುಗಳನ್ನು ಬದಲಿಸುತ್ತಾರೋ ಅಥವಾ ಕಾಣುವಷ್ಟನ್ನು ಮಾತ್ರವೋ, ನೀರು ತಡೆಯುವ ಲೇಪ ಇದೆಯೋ ಇಲ್ಲವೋ, ಒಡೆದ ಕಲ್ಲುಮಣ್ಣನ್ನು ಯಾರು ಸಾಗಿಸುತ್ತಾರೆ.

ಆದ್ದರಿಂದ ಕೆಲಸದ ಪಟ್ಟಿಯನ್ನು ನೀವೇ ಒಂದು ಹಾಳೆಯಲ್ಲಿ ಬರೆದು, ಅದೇ ಹಾಳೆಯನ್ನು ಮೂವರಿಗೂ ಕೊಟ್ಟು, ಪ್ರತಿಯೊಂದರ ಮುಂದೆ ಬೇರೆ ಬೇರೆ ಬೆಲೆ ಬರೆಯಲು ಕೇಳಿ. ನೀರಿನ ಪೈಪು ಬಿಸಿನೀರಿಗೂ ತಾಳುವ ಸಿಪಿವಿಸಿ ಎಂಬ ಪ್ಲಾಸ್ಟಿಕ್ಕಿನದಾಗಿರಬೇಕು, ಅದರ ಮೇಲೆ ಐಎಸ್ 15778 ಎಂಬ ಭಾರತೀಯ ಮಾನಕದ ಗುರುತಿರಬೇಕು. ಹೊರಹೋಗುವ ಕೊಳಚೆ ಪೈಪಿನ ಮೇಲೆ ಐಎಸ್ 13592 ಇರಬೇಕು. ನೀರು ತಡೆಯುವ ಲೇಪವನ್ನು ಎರಡು ಕೈ, ಮೊದಲನೆಯದು ಒಣಗಿದ ಮೇಲೆ ಅಡ್ಡ ದಿಕ್ಕಿನಲ್ಲಿ ಎರಡನೆಯದು ಎಂಬಂತೆ ನೆಲಕ್ಕೆಲ್ಲ ಹಚ್ಚಿ, ಗೋಡೆಯ ಮೇಲೂ ಕನಿಷ್ಠ ಒಂದು ಅಡಿ, ಶವರ್ ಇರುವ ಗೋಡೆಗೆ ತಲೆಯೆತ್ತರಕ್ಕೂ ಮೇಲಿನವರೆಗೆ ಏರಿಸಬೇಕು. ನೆಲವೂ ಗೋಡೆಯೂ ಸೇರುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿಕೊಂಡ ಮೇಲೆಯೇ ಲೇಪ ಹಚ್ಚಬೇಕು, ಏಕೆಂದರೆ ಬಿರುಕು ಬಿಡುವುದು ಅಲ್ಲಿಯೇ. ನೆಲದ ಇಳಿಜಾರು ಒಂದು ಮೀಟರಿಗೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಇರಬಾರದು. ಟೈಲ್ಸ್, ನಲ್ಲಿ, ಕಮೋಡುಗಳನ್ನು ನೀವೇ ಅಂಗಡಿಯಲ್ಲಿ ಆರಿಸಿ ಕೊಂಡು, ಗುತ್ತಿಗೆದಾರರಿಂದ ಮಜೂರಿ ಮತ್ತು ಸಿಮೆಂಟು, ಮರಳು, ಪೈಪು, ಲೇಪಗಳ ಬೆಲೆಯನ್ನು ಮಾತ್ರ ಬರೆಸಿಕೊಳ್ಳುವುದು ಲೆಕ್ಕಕ್ಕೆ ಸುಲಭ.

ಅವರು ಮಾಡಿದ ಹಳೆಯ ಕೆಲಸವನ್ನೂ ನೋಡಿ ಬನ್ನಿ. ಹೋದ ತಿಂಗಳು ಮುಗಿದ ಬಚ್ಚಲುಮನೆ ಎಲ್ಲರದೂ ಚೆನ್ನಾಗಿಯೇ ಇರುತ್ತದೆ. ಮೂರ್ನಾಲ್ಕು ವರ್ಷ ಬಳಕೆಯಾದ ಒಂದನ್ನು, ಅದಕ್ಕಿಂತ ಮುಖ್ಯವಾಗಿ ಅದರ ಕೆಳಗಿನ ಕೋಣೆಯ ಚಾವಣಿಯನ್ನು ತೋರಿಸಲು ಕೇಳಿ. ಕೊನೆಯ ಕಂತು ಕೊಟ್ಟ ನಂತರವೂ ಕರೆದಾಗ ಬಂದರೇ ಎಂದು ಆ ಮನೆಯವರನ್ನು ವಿಚಾರಿಸಿ.

ಹಣ ಕೊಡುವ ಕ್ರಮವನ್ನು ದಿನಗಳ ಲೆಕ್ಕದಲ್ಲಿ ನಿಗದಿ ಮಾಡಬೇಡಿ, ಮುಚ್ಚಿಹೋಗುವ ಕೆಲಸದ ಹಂತಗಳಿಗೆ ಜೋಡಿಸಿ. ಕೆಲಸ ಆರಂಭಿಸುವಾಗ ಶೇಕಡಾ 10. ಒಡೆದು, ಪೈಪು ಜೋಡಿಸಿ, ಒತ್ತಡದ ಪಂಪು ಹಚ್ಚಿ ಮಾಪಕದ ಮುಳ್ಳು ಇಳಿಯದೆ ನಿಂತದ್ದನ್ನು ನೀವು ನೋಡಿದ ಮೇಲೆ 25. ಲೇಪ ಹಚ್ಚಿ ನೀರು ನಿಲ್ಲಿಸುವ ಪರೀಕ್ಷೆ ಮುಗಿದ ಮೇಲೆ 20. ಟೈಲ್ಸ್ ಮುಗಿದಾಗ 20. ನಲ್ಲಿ, ಕಮೋಡು, ದೀಪ ಎಲ್ಲ ಜೋಡಿಸಿದಾಗ 15. ಉಳಿದ ಶೇಕಡಾ 10 ಮೂರು ತಿಂಗಳ ಬಳಕೆಯ ನಂತರ. ಈ ಕೊನೆಯ ಷರತ್ತಿಗೆ ಗುತ್ತಿಗೆದಾರರು ಒಪ್ಪದಿದ್ದರೆ ಮಾತುಕತೆ ಮಾಡಿ ಶೇಕಡಾ 5ಕ್ಕೆ ಇಳಿಸಿ, ಆದರೆ ಪೂರ್ತಿ ಬಿಟ್ಟುಕೊಡಬೇಡಿ.

ನೀರು ನಿಲ್ಲಿಸುವ ಪರೀಕ್ಷೆ ಎಂದರೆ ಇಷ್ಟೇ. ನೆಲದ ಟ್ರ್ಯಾಪನ್ನು ಬಿಗಿಯಾಗಿ ಮುಚ್ಚಿ, ಬಾಗಿಲಿಗೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಎರಡು ಇಂಚು ನೀರು ತುಂಬಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, 48 ಗಂಟೆ ಬಿಟ್ಟು ಕೆಳಗಿನ ಚಾವಣಿಯನ್ನು ನೋಡುವುದು. ಇದನ್ನು ಟೈಲ್ಸ್ ಹಾಕುವ ಮೊದಲೇ ಮಾಡಬೇಕು. ‘ಟೈಲ್ಸ್ ಹಾಕಿದ ಮೇಲೆ ಒಟ್ಟಿಗೇ ನೋಡೋಣ’ ಎಂದು ಹೇಳಿದರೆ ಒಪ್ಪಬೇಡಿ. ಆಗ ದೋಷ ಸಿಕ್ಕರೆ ಹಾಕಿದ ಟೈಲ್ಸನ್ನು ಒಡೆಯಲು ಅವರಿಗೂ ಮನಸ್ಸಾಗುವುದಿಲ್ಲ, ನಿಮಗೂ ಮನಸ್ಸಾಗುವುದಿಲ್ಲ, ಮೇಲಿನಿಂದ ಏನನ್ನೋ ಬಳಿದು ಕೆಲಸ ಮುಗಿದುಹೋಗುತ್ತದೆ. ಪೈಪುಗಳು ಮುಚ್ಚುವ ಮೊದಲು ಗೋಡೆಗೆ ಅಳತೆಯ ಟೇಪು ಹಿಡಿದು ನಾಲ್ಕೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಟವೆಲ್ ಸ್ಟ್ಯಾಂಡಿಗೆ ರಂಧ್ರ ಕೊರೆಯುವ ದಿನ ಆ ಫೋಟೋ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಶಿರಸಿ ಸಮೀಪದ ಹಳ್ಳಿಯಲ್ಲಿ ನಮ್ಮ ಅಜ್ಜನ ಕಾಲದ ಮನೆಯಿದೆ. ಚಿರೆಕಲ್ಲನ್ನು ಮಣ್ಣಿನಲ್ಲಿ ಕಟ್ಟಿದ ಗೋಡೆ, ಮರದ ಮುಚ್ಚಿಗೆ, ಹೆಂಚಿನ ಮಾಡು. ಮನೆಯೊಳಗೇ ಪಾಯಖಾನೆ ಸಹಿತ ಬಚ್ಚಲುಮನೆ ಮಾಡಿಸಬೇಕೆಂದಿದ್ದೇವೆ. ಪೈಪುಗಳನ್ನೆಲ್ಲ ಗೋಡೆಯೊಳಗೆ ಹುದುಗಿಸಿ ಪೇಟೆಯ ಮನೆಯಂತೆ ಮಾಡಿಕೊಡುತ್ತೇನೆ ಎಂದು ಗುತ್ತಿಗೆದಾರರು ಹೇಳುತ್ತಾರೆ. ಹಂಡೆಯ ಬಚ್ಚಲನ್ನು ತೆಗೆಯಲು ಅಮ್ಮ ಒಪ್ಪುತ್ತಿಲ್ಲ. — ಓದುಗರು, ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ಅಮ್ಮನ ಮಾತಿನಲ್ಲಿ ವಿವೇಕವಿದೆ. ಮಣ್ಣಿನ ಗಾರೆಯ ಗೋಡೆಗೆ ಉದ್ದಕ್ಕೂ ಅಡ್ಡಲಾಗಿ ಕಾಲುವೆ ಕೊರೆದರೆ ಗೋಡೆಯ ಬಲ ಕುಗ್ಗುತ್ತದೆ, ಮತ್ತು ಅದರೊಳಗೆ ಪೈಪು ಎಂದಾದರೂ ಒಸರಿದರೆ ಚಿರೆಕಲ್ಲು ನೀರನ್ನು ಹೀರಿಕೊಂಡು, ಮಣ್ಣು ಕರಗಿ, ದೋಷ ಹೊರಗೆ ಕಾಣುವ ಹೊತ್ತಿಗೆ ಗೋಡೆಯೇ ಸಡಿಲಾಗಿರುತ್ತದೆ. ಮನೆಯೊಳಗೆ ಬಿಸಿನೀರಿನ ಹಬೆ ಸೇರಿಕೊಂಡರೆ ಮುಚ್ಚಿಗೆಯ ಮರಕ್ಕೂ ಒಳ್ಳೆಯದಲ್ಲ.

ನನ್ನ ಅಭಿಪ್ರಾಯದಲ್ಲಿ, ಹಿತ್ತಿಲ ಬದಿಯಲ್ಲಿ ಈಗಿರುವ ಬಚ್ಚಲಿಗೆ ತಾಗಿದಂತೆ, ಸ್ವಂತ ಅಡಿಪಾಯ ಮತ್ತು ಸಿಮೆಂಟಿನ ಗಾರೆಯ ಗೋಡೆಯಿರುವ ಹೊಸ ಕೋಣೆಯನ್ನು ಕಟ್ಟಿಸಿ, ಮನೆಯಿಂದ ನೆನೆಯದೆ ಹೋಗುವಂತೆ ಮಾಡು ಇಳಿಸಿಕೊಳ್ಳುವುದು ಉತ್ತಮ. ಹಂಡೆ ಅದರ ಪಾಡಿಗೆ ಇರಲಿ. ತೋಟದ ಸೋಗೆ, ಸಿಪ್ಪೆಗಳು ಉರುವಲಾಗಿ ಸಿಗುವ ಮನೆಯಲ್ಲಿ ಅದನ್ನು ಕಿತ್ತು ಗೀಸರ್ ಒಂದನ್ನೇ ನಂಬುವುದಕ್ಕೆ ಕಾರಣ ನನಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ ಹೋಗುವ ಅನುಭವ ನಿಮಗೂ ಇದ್ದೀತು. ಒಳಗೇ ಬೇಕೆಂಬ ಅನಿವಾರ್ಯವಿದ್ದರೆ ಹಳೆಯ ಗೋಡೆಯನ್ನು ಮುಟ್ಟದೆ, ಅದರ ಮುಂದೆ ನಾಲ್ಕು ಇಂಚಿನ ತೆಳು ಗೋಡೆ ಕಟ್ಟಿಸಿ ಪೈಪುಗಳನ್ನು ಅದರಲ್ಲಿ ಒಯ್ಯಿರಿ, ಅಥವಾ ಕಾಣುವಂತೆ ಹೊರಗೇ ಬಿಡಿ. ಹಳೆಯ ಮಣ್ಣಿನ ಅಥವಾ ಸುಣ್ಣದ ಗಿಲಾವಿನ ಮೇಲೆ ಲೇಪವಾಗಲಿ ಟೈಲ್ಸ್ ಆಗಲಿ ನಿಲ್ಲುವುದಿಲ್ಲ.

ಗುತ್ತಿಗೆದಾರರು ಪಾಯಖಾನೆಯ ಗುಂಡಿಯ ಬಗ್ಗೆ ಏನು ಹೇಳಿದರು ಎಂಬುದನ್ನು ನೀವು ಬರೆದಿಲ್ಲ. ನೀರು ಇಂಗುವ ಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರದಲ್ಲಿ, ಇಳಿಜಾರಿನ ಕೆಳಬದಿಯಲ್ಲಿ ಇರಬೇಕು. ಚಿರೆಯ ನೆಲದಲ್ಲಿ ರಂಧ್ರಗಳ ಮೂಲಕ ನೀರು ಬೇಗ ಹರಿಯುವುದರಿಂದ ಇನ್ನೂ ದೂರವಾದಷ್ಟು ಒಳ್ಳೆಯದು. ನೆರೆಮನೆಯ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸ್ನಾನದ ನೀರು ಇಂದಿನಂತೆ ಬಾಳೆಯ ಬುಡಕ್ಕೆ ಹೋಗಲಿ, ಆದರೆ ಪಾಯಖಾನೆಯ ಪೈಪನ್ನು ಅದರೊಡನೆ ಎಲ್ಲಿಯೂ ಸೇರಿಸಕೂಡದು. ಬಾವಿ ಎಲ್ಲಿದೆ ಎಂದು ಕೇಳದೆಯೇ ಬೆಲೆ ಹೇಳಿದವರಿಗೆ ಈ ಕೆಲಸ ಕೊಡಬೇಡಿ. ಇನ್ನೊಂದು ಮಾತು: ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಈ ಬಾರಿ ಇದ್ದರೆ, ಆ ದಿನಗಳಲ್ಲಿ ಕೆಲಸದವರು ಸಿಗುವುದಿಲ್ಲವೆಂದು ತಿಳಿದೇ ಅವಧಿಯನ್ನು ಬರೆಸಿಕೊಳ್ಳಿ.

ಪ್ರಶ್ನೆ: ಗುತ್ತಿಗೆದಾರರು ಈಗ ಬಿಡುವಿಲ್ಲ, ಮೇ ಕೊನೆಗೆ ಆರಂಭಿಸಿ ಚೌತಿಯೊಳಗೆ ಮುಗಿಸಿಕೊಡುತ್ತೇನೆ ಎನ್ನುತ್ತಾರೆ. ಒಳಗಿನ ಕೆಲಸಕ್ಕೆ ಮಳೆಯಿಂದ ತೊಂದರೆ ಇಲ್ಲವಲ್ಲ? — ಓದುಗರು, ಅಂಕೋಲಾ

ಉತ್ತರ: ತೊಂದರೆ ಇದೆ. ನೀರು ತಡೆಯುವ ಲೇಪಕ್ಕೆ ಗೋಡೆ ಒಣಗಿರಬೇಕು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಳಗಿನಿಂದಲೂ ಹೊರಗಿನಿಂದಲೂ ತೇವ ಹಿಡಿದಿರುತ್ತದೆ. ಹೊರಗಿನ ಪೈಪು ಮತ್ತು ಗುಂಡಿಯ ಕೆಲಸವಂತೂ ಆಗುವುದೇ ಇಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಬರುವವರನ್ನು ನೋಡಿ, ಇಲ್ಲವೇ ಇವರಿಗಾಗಿಯೇ ಮುಂದಿನ ಮಳೆಗಾಲ ಕಳೆದು ಬರುವ ನವೆಂಬರ್‌ವರೆಗೆ ಕಾಯಿರಿ.

ಪ್ರಶ್ನೆ: ಪರಿಚಯದವರೆಂಬ ನಂಬಿಕೆಯಿಂದ ಲಿಖಿತ ಒಪ್ಪಂದ ಮಾಡಿಕೊಳ್ಳದೆ, ಒಟ್ಟು 1,80,000 ರೂಪಾಯಿಯ ಕೆಲಸಕ್ಕೆ 1,20,000 ರೂಪಾಯಿಯನ್ನು ಮುಂಗಡವಾಗಿ ಮೊಬೈಲಿನ ಮೂಲಕ ಕಳುಹಿಸಿದ್ದೆ. ಗುತ್ತಿಗೆದಾರರು ಬಚ್ಚಲುಮನೆಯನ್ನು ಒಡೆದು, ಅರ್ಧ ಪೈಪು ಹಾಕಿ ಹೋದವರು ಎರಡು ತಿಂಗಳಾದರೂ ಬಂದಿಲ್ಲ, ಕರೆ ಸ್ವೀಕರಿಸುತ್ತಿಲ್ಲ. ಮನೆಯವರೆಲ್ಲ ಸ್ನಾನಕ್ಕೆ ಅಣ್ಣನ ಮನೆಗೆ ಹೋಗಬೇಕಾಗಿದೆ. — ಓದುಗರು, ಕುಮಟಾ

ಉತ್ತರ: ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಇಂತಹ ಪತ್ರ ಇದು ಮೊದಲನೆಯದೂ ಅಲ್ಲ. ಸಣ್ಣ ಬಂಡವಾಳದ ಗುತ್ತಿಗೆದಾರರಲ್ಲಿ ಹಲವರು ಒಂದು ಮನೆಯ ಮುಂಗಡದಿಂದ ಇನ್ನೊಂದು ಮನೆಯ ಸಾಮಾನು ಕೊಳ್ಳುತ್ತಾರೆ. ಎಲ್ಲಿಯಾದರೂ ಒಂದು ಕಡೆ ಹಣ ನಿಂತರೆ ಎಲ್ಲ ಕೆಲಸಗಳೂ ನಿಲ್ಲುತ್ತವೆ. ಮೂರನೆಯ ಎರಡು ಭಾಗ ಹಣವನ್ನು ಮೊದಲೇ ಕೊಟ್ಟುಬಿಟ್ಟಾಗ ಅವರು ನಿಮ್ಮ ಮನೆಗೆ ಮರಳಿ ಬರಲು ಕಾರಣವೇ ಉಳಿಯುವುದಿಲ್ಲ.

ಲಿಖಿತ ಒಪ್ಪಂದ ಇಲ್ಲವೆಂದು ಧೈರ್ಯಗೆಡಬೇಡಿ. ಬ್ಯಾಂಕಿನಿಂದ ಹಣ ಹೋದ ದಾಖಲೆ, ವಾಟ್ಸ್ಆ್ಯಪ್‌ನಲ್ಲಿ ನಡೆದ ಮಾತು, ಅವರು ಬರೆದುಕೊಟ್ಟ ಚೀಟಿ, ಇವೆಲ್ಲ ಸಾಕ್ಷ್ಯವಾಗುತ್ತವೆ. ಒಂದನ್ನೂ ಅಳಿಸಬೇಡಿ. ಬೇರೆ ಮೇಸ್ತ್ರಿಯನ್ನು ಕರೆಸುವ ಮೊದಲು, ಈಗ ಎಷ್ಟು ಕೆಲಸ ಆಗಿದೆ ಎಂಬುದನ್ನು ಒಬ್ಬ ಎಂಜಿನಿಯರರಿಂದ ಅಳೆಸಿ, ಅದರ ಬೆಲೆಯನ್ನು ಬರೆಸಿ, ದಿನಾಂಕ ಸಹಿತ ಫೋಟೋ ತೆಗೆದಿಡಿ. ಇದೊಂದನ್ನು ಮರೆತು ಕೆಲಸ ಮುಂದುವರಿಸಿದರೆ ಯಾರು ಎಷ್ಟು ಮಾಡಿದರು ಎಂಬುದನ್ನು ಆಮೇಲೆ ತೋರಿಸಲು ಬಹಳ ಕಷ್ಟವಾಗುತ್ತದೆ. ನಂತರ, 15 ದಿನಗಳೊಳಗೆ ಕೆಲಸ ಮುಗಿಸಬೇಕು ಅಥವಾ ಆಗದ ಕೆಲಸದ ಹಣ ಹಿಂದಿರುಗಿಸಬೇಕು ಎಂದು, ತಲುಪಿದ್ದಕ್ಕೆ ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಲಿಖಿತ ಸೂಚನೆ ಕಳುಹಿಸಿ.

ಅದಕ್ಕೂ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆಯ ದೂರನ್ನು ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಸಲ್ಲಿಸಬಹುದು. ವಿವಾದ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ಅದಕ್ಕಿಂತ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ಮಾರ್ಗದರ್ಶನ ಕೇಳಬಹುದು. ಈ ನಡುವೆ ಗುತ್ತಿಗೆದಾರರೇ ಬಂದು ಕೆಲಸ ಮುಗಿಸುವೆನೆಂದರೆ ಒಪ್ಪಿಕೊಳ್ಳಿ, ಆದರೆ ಉಳಿದ 60,000 ರೂಪಾಯಿಯನ್ನು ಯಾವ ಯಾವ ಹಂತದಲ್ಲಿ ಕೊಡುತ್ತೀರಿ ಎಂಬುದನ್ನು ಈ ಸಲ ಬರೆದು ಇಬ್ಬರೂ ಸಹಿ ಮಾಡಿ. ಸಾಮಾನನ್ನು ಅಂಗಡಿಯವರಿಗೆ ನೀವೇ ನೇರವಾಗಿ ಹಣ ಕೊಟ್ಟು ತರಿಸಿ.

ಪ್ರಶ್ನೆ: ನಮ್ಮ ತಂದೆಯವರಿಗೆ 78 ವರ್ಷ. ಬಚ್ಚಲಿನಲ್ಲಿ ಒಮ್ಮೆ ಜಾರಿ ಬಿದ್ದ ಮೇಲೆ ಅದನ್ನು ಅವರಿಗೆ ಅನುಕೂಲವಾಗುವಂತೆ ಬದಲಿಸಲು ನಿರ್ಧರಿಸಿದ್ದೇವೆ. ಹಿಡಿಕೆಗಳನ್ನು ಕೊನೆಗೆ ಹಾಕಿದರಾಯಿತು ಎನ್ನುತ್ತಾರೆ ಗುತ್ತಿಗೆದಾರರು. ನಮ್ಮ ಮನೆ ಸಮುದ್ರಕ್ಕೆ ಬಹಳ ಹತ್ತಿರ. — ಓದುಗರು, ಹೊನ್ನಾವರ

ಉತ್ತರ: ಹಿಡಿಕೆಗಳನ್ನು ಕೊನೆಗೆ ಜೋಡಿಸುವುದು ಸರಿ, ಆದರೆ ಅವುಗಳ ಜಾಗವನ್ನು ಮೊದಲೇ ಗುರುತಿಸಬೇಕು. ಬಿದ್ದವರ ಇಡೀ ಭಾರ ಒಂದು ಕ್ಷಣದಲ್ಲಿ ಹಿಡಿಕೆಯ ಮೇಲೆ ಬೀಳುತ್ತದೆ. ಚಿರೆಕಲ್ಲಿನಲ್ಲಿ ಅಥವಾ ಟೊಳ್ಳು ಬ್ಲಾಕಿನಲ್ಲಿ ಸ್ಕ್ರೂ ಆ ಭಾರವನ್ನು ತಾಳುವುದಿಲ್ಲ. ಟೈಲ್ಸ್ ಹಾಕುವ ಮೊದಲು ಆ ಜಾಗಗಳಲ್ಲಿ ಗಟ್ಟಿ ಕಾಂಕ್ರೀಟ್ ತುಂಬಿಸಿಕೊಳ್ಳಬೇಕು. ತಂದೆಯವರನ್ನೇ ಒಳಗೆ ಕರೆದೊಯ್ದು, ಕಮೋಡಿನ ಜಾಗದಲ್ಲಿ ಕುರ್ಚಿಯಿಟ್ಟು ಕೂರಿಸಿ, ಏಳುವಾಗ ಅವರ ಕೈ ತಾನಾಗಿ ಹೋಗುವಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಸ್ನಾನದ ಜಾಗದಲ್ಲಿಯೂ, ಬಾಗಿಲ ಬಳಿಯಲ್ಲಿಯೂ ಹಾಗೆಯೇ ಮಾಡಿ. ಯಾವ ಪುಸ್ತಕದ ಅಳತೆಗಿಂತಲೂ ಈ ಗುರುತುಗಳೇ ಹೆಚ್ಚು ಸರಿಯಾಗಿರುತ್ತವೆ.

ನೆಲಕ್ಕೆ ಹೊಳಪಿಲ್ಲದ, ಕೈಯಾಡಿಸಿದರೆ ತುಸು ಒರಟೆನಿಸುವ ಸಣ್ಣ ಅಳತೆಯ ಟೈಲ್ಸ್ ಒಳ್ಳೆಯದು. ಅಂಗಡಿಯಲ್ಲಿ ಒಂದರ ಮೇಲೆ ಸೋಪಿನ ನೀರು ಹಾಕಿ ಪಾದದಿಂದ ತಿಕ್ಕಿ ನೋಡಿ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಏಕೆಂದರೆ ಒಳಗೆ ಬಿದ್ದವರು ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾದರೆ ಅವರನ್ನು ಎತ್ತಲು ಯಾರಿಗೂ ಹೋಗಲಾಗುವುದಿಲ್ಲ. ಹೊಸ್ತಿಲಿನ ಮೆಟ್ಟಿಲನ್ನು ತೆಗೆಸಿ, ಬದಲಾಗಿ ನೆಲದ ಇಳಿಜಾರನ್ನು ಬಾಗಿಲಿನಿಂದ ದೂರಕ್ಕೆ ಕೊಡಿಸಿ. ಸಮುದ್ರ ಹತ್ತಿರವಿರುವುದರಿಂದ ಹಿಡಿಕೆ ಮತ್ತು ಸ್ಕ್ರೂ ಎರಡೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಸಾಮಾನ್ಯವಾಗಿ ಸಿಗುವ 304 ದರ್ಜೆಯದು ಉಪ್ಪುಗಾಳಿಗೆ ಕಂದು ಕಲೆ ಹಿಡಿಯುತ್ತದೆ, ಲೇಪ ಕೊಟ್ಟ ಕಬ್ಬಿಣದ್ದಂತೂ ಬೇಡವೇ ಬೇಡ. ಗೀಸರಿಗೆ ಪ್ರತ್ಯೇಕ ತಂತಿ, ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಇರಬೇಕೆಂದು ಒಪ್ಪಂದದಲ್ಲಿಯೇ ಬರೆಸಿ, ಅದರ ಸ್ವಿಚ್ಚನ್ನು ಬಚ್ಚಲುಮನೆಯ ಹೊರಗೆ ಹಾಕಿಸಿ. ಕಮೋಡಿನ ಪಕ್ಕದಲ್ಲಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ, ನೆಲಕ್ಕೆ ಬಿದ್ದವರ ಕೈಗೂ ಎಟುಕುವಂತೆ ಕರೆಗಂಟೆಯ ಬಟನ್ ಒಂದಿರಲಿ. ಅದು ಬ್ಯಾಟರಿಯಿಂದ ನಡೆಯುವ, ತಂತಿಯಿಲ್ಲದ ಬಗೆಯದಾದರೆ ನೀರಿನ ಜಾಗಕ್ಕೆ ಹೊಂದುತ್ತದೆ.